ಗುಟುಕವ್ವನ ಕೆರೆ

ಚಿತ್ರದುರ್ಗದ ಸೀಮೆಯ ಮುತ್ತುಗಲಹಟ್ಟಿಗೆ ಹೋಗುವವರು ದಾರಿ ಕೇಳಲು ದೊಡ್ಡವರನ್ನು ಹುಡುಕಬೇಕಾಗಿಲ್ಲ. ಹೆದ್ದಾರಿ ಬಿಟ್ಟು ಜಾಲಿಗಿಡಗಳ ನಡುವಿನ ಒಳದಾರಿ ಹಿಡಿದು, ಎದುರಿಗೆ ಬಂದ ಯಾವ ಮಗುವಿನ ಮುಂದಾದರೂ ‘ಗುಟುಕವ್ವ ಗುಟುಕವ್ವ’ ಎಂದರೆ ಸಾಕು. ಮಗು ಉಳಿದ ಸಾಲುಗಳನ್ನು ತಾನೇ ಮುಗಿಸಿ, ಗಂಟಲನ್ನು ಎರಡು ಬೆರಳಲ್ಲಿ ಚಿವುಟಿಕೊಂಡು ನೀರು ಕುಡಿಯುವ ಸದ್ದು ಮಾಡಿ, ಆಮೇಲೆ ಕೆರೆಯ ಕಡೆ ಕೈ ತೋರಿಸುತ್ತದೆ. ಪದವೇನೋ ನಾಲ್ಕೇ ಸಾಲು:

ಗುಟುಕವ್ವ ಗುಟುಕವ್ವ,
ಕೆರೆಯ ನೀರು ಎಲ್ಲವ್ವ?
ಏಡಿ ಮೀನು ಕಾಣವ್ವ,
ಗುಟುಕು ಗುಟುಕು ಸಾಕವ್ವ!

ಕೆರೆ ದೊಡ್ಡದು. ಏರಿಯ ಉದ್ದ ಅರ್ಧ ಮೈಲಿ ಎಂದು ಇಲಾಖೆಯ ಫಲಕ ಹೇಳುತ್ತದೆ, ಒಂದು ಮೈಲಿ ಎಂದು ಊರವರು ಹೇಳುತ್ತಾರೆ, ನಡೆದು ನೋಡಿದವರು ಏದುಸಿರಿನಲ್ಲಿ ಏನೂ ಹೇಳುವುದಿಲ್ಲ. ಏರಿಯ ಕೆಳಗಿನ ಅಂಗನವಾಡಿಯ ಗೋಡೆಯ ಮೇಲೆ ಗುಟುಕವ್ವನ ಚಿತ್ರ ಬರೆದಿದ್ದಾರೆ: ಗುಡಾಣದಂಥ ಹೊಟ್ಟೆ, ನೀಲಿ ಸೀರೆ, ತುಟಿಯಂಚಿನಲ್ಲಿ ಇಣುಕುವ ಮೀನಿನ ಬಾಲ. ಆ ಚಿತ್ರ ಮೊಬೈಲಿನ ಕಾರ್ಟೂನಿನಿಂದ ಬಂದದ್ದು. ಕಾರ್ಟೂನಿಗೆ ಪದ ಬಂದದ್ದು ಯಾವುದೋ ಸಿನಿಮಾದ ಕುಣಿತದಿಂದ, ಸಿನಿಮಾಕ್ಕೆ ಬಂದದ್ದು ಮದುವೆಯ ಬ್ಯಾಂಡಿನವರಿಂದ. ಚುನಾವಣೆ ಬಂದರೆ ಎದುರು ಪಕ್ಷದವನನ್ನು ‘ಗುಟುಕವ್ವನ ಮೊಮ್ಮಗ’ ಎಂದು ಮೈಕಿನಲ್ಲಿ ಕೂಗುತ್ತಾರೆ. ಎರಡೂ ಪಕ್ಷದವರು ಕೂಗುವುದರಿಂದ ಆಕೆಗೆ ಎರಡೂ ಕಡೆ ಮೊಮ್ಮಕ್ಕಳಿದ್ದಾರೆ ಎಂದು ತಿಳಿಯಬೇಕು. ಶಾಲೆಯ ಪುಸ್ತಕದಲ್ಲಿ ಪದದ ಕೆಳಗೆ ‘ಜನಪದ’ ಎಂದಷ್ಟೇ ಅಚ್ಚಾಗಿದೆ. ಒಮ್ಮೆ ಒಬ್ಬ ವಿದ್ವಾಂಸರು ಬಂದು, ಏರಿಯ ಮೇಲೆ ಕೂತು ಎಳನೀರು ಕುಡಿದು, ಗುಟುಕವ್ವ ಎಂದರೆ ಬೇಸಿಗೆಯ ಸೂರ್ಯನ ಸಂಕೇತವೆಂದು ಬರೆದುಕೊಂಡು ಹೋದರು. ಸೂರ್ಯನಿಗೆ ಇದರಿಂದ ನಷ್ಟವೇನೂ ಇಲ್ಲ. ನಷ್ಟವಾದದ್ದು ಬೊಮ್ಮಕ್ಕ ಎಂಬ ಹೆಂಗಸಿಗೆ. ಆ ಹೆಸರು ಯಾವ ಪುಸ್ತಕದಲ್ಲೂ ಇಲ್ಲ.

ಹಿಂದೆ ಒಮ್ಮೆ, ಪಾಳೆಯಗಾರರ ಕಾಲದಲ್ಲೋ ಅದಕ್ಕೂ ಎರಡು ತಲೆ ಮೊದಲೋ, ಈ ಕೆರೆಗೆ ದೊಡ್ಡಕೆರೆ ಎಂಬ ಸಪ್ಪೆ ಹೆಸರಿತ್ತು ಎನ್ನುತ್ತಾರೆ. ಬೊಮ್ಮಕ್ಕನ ಗಂಡ ಆ ಕೆರೆಯ ನೀರುಗಂಟಿ. ಎಂದರೆ ತೂಬು ತೆಗೆದು ಮುಚ್ಚಿ, ಯಾರ ಹೊಲಕ್ಕೆ ಎಷ್ಟು ನೀರೆಂದು ಹಂಚುವವನು. ಒಂದು ಮಳೆಗಾಲ ತೂಬಿನ ಬಾಯಿ ಮುಚ್ಚುವ ಬಿರಡೆ ಸರಿಮಾಡಲು ನೀರಿಗಿಳಿದವನು ಮೇಲೆ ಬರಲಿಲ್ಲ. ಆ ಕೆಲಸ ತಾನು ಮಾಡುತ್ತೇನೆಂದು ಬೊಮ್ಮಕ್ಕ ಮುಂದೆ ಬಂದಾಗ, ಹೆಂಗಸಿನ ಕೈಗೆ ತೂಬು ಕೊಡುವುದುಂಟೇ ಎಂದು ಊರಿನ ಗಂಡಸರು ಮೂರು ದಿನ ಗುಡುಗಿದರು. ನಾಲ್ಕನೆಯ ದಿನ ಆ ಕಪ್ಪು ನೀರಿಗೆ ಇಳಿಯುವವರು ಯಾರು ಎಂಬ ಪ್ರಶ್ನೆ ಬಂದಾಗ ಗುಡುಗು ನಿಂತಿತು, ಮಳೆಯೂ ಬರಲಿಲ್ಲ. ಬೊಮ್ಮಕ್ಕ ಸೀರೆ ಕಚ್ಚೆ ಹಾಕಿ ಇಳಿದಳು. ಅಂದಿನಿಂದ ತೂಬು ಅವಳದಾಯಿತು.

ಆ ಕಾಲದಲ್ಲಿ ಗಡಿಯಾರವಿಲ್ಲ. ಮೋಡ ಕವಿದ ದಿನ ನೆರಳೂ ಇಲ್ಲ. ನೀರಿನ ಪಾಲನ್ನು ಈ ಊರಿನಲ್ಲಿ ಅಳೆಯುತ್ತಿದ್ದದ್ದು ಪದ ಹೇಳಿ. ತೂಬಿನ ಪದವೆಂಬ ನಾಲ್ಕು ಸಾಲನ್ನು ಇಪ್ಪತ್ತು ಸಲ ಹಾಡುವಷ್ಟು ಹೊತ್ತು ಗದ್ದೆಯ ಒಂದು ಮಡಿಗೆ ನೀರು. ಹಾಡು ನಿಂತರೆ ಬಿರಡೆ ಇಳಿಯಬೇಕು. ಗಂಡನ ಕಾಲದಲ್ಲಿ ದೊಡ್ಡವರೇ ಹಾಡುತ್ತಿದ್ದರು. ತಮ್ಮವರ ಹೊಲಕ್ಕೆ ನೀರು ಹೋಗುವಾಗ ಅವರ ಬಾಯಿಂದ ಪದ ತುಂಬಿದ ಬಸುರಿಯ ನಡಿಗೆಯಲ್ಲಿ ಹೊರಡುತ್ತಿತ್ತು, ಆಗದವರ ಸರದಿ ಬಂದರೆ ಬೆಂಕಿ ಬಿದ್ದ ಮನೆಯಿಂದ ಓಡಿದಂತೆ ಓಡುತ್ತಿತ್ತು. ಇದನ್ನೆಲ್ಲ ನೋಡಿದ್ದ ಬೊಮ್ಮಕ್ಕ ಹಳೆಯ ಪದ ಬಿಟ್ಟು ಹೊಸದೊಂದು ಕಟ್ಟಿ, ಊರಿನ ಎಂಟು ಮಕ್ಕಳನ್ನು ಏರಿಯ ಮೇಲೆ ಸಾಲಾಗಿ ಕೂರಿಸಿ ಕಲಿಸಿದಳು. “ದೊಡ್ಡವರ ಬಾಯಿಗೆ ನೆಂಟರಿರ್ತಾರೆ, ಮಕ್ಕಳ ಬಾಯಿಗೆ ನೆಂಟರಿಲ್ಲ,” ಎಂದು ಆಕೆ ಹೇಳುತ್ತಿದ್ದಳಂತೆ. ಬದುಕಿನಲ್ಲಿ ಆಕೆ ಮಾಡಿದ ಒಂದೇ ತಪ್ಪು ಈ ನಂಬಿಕೆ. ಪದ ಹೀಗಿತ್ತು ಎನ್ನುತ್ತಾರೆ:

ಏಡಿ ಬಂತು ಬದುವಿಗೆ,
ಕಪ್ಪೆ ಬಂತು ಕೆಸರಿಗೆ,
ಮೀನು ಬಂತು ಮಡುವಿಗೆ,
ನೀರು ಬಂತು ಬೇರಿಗೆ.

ಕೆಲವು ವರ್ಷ ಎಲ್ಲ ಸರಿಯಾಗಿ ನಡೆಯಿತು. ಏಳು ವರ್ಷ ಎನ್ನುವವರಿದ್ದಾರೆ, ಮೂರು ಎನ್ನುವವರೂ ಇದ್ದಾರೆ. ಕೇಳಲು ಏಳೇ ಚೆಂದ, ಏಳೆಂದೇ ಇಟ್ಟುಕೊಳ್ಳೋಣ. ಬಾಲಗಾಲುವೆಯ ಕೊನೆಯ ಬಡವನ ಗದ್ದೆಗೂ ಇಪ್ಪತ್ತು ಪದ, ಕಾಲುವೆಯ ಬಾಯಿಗೇ ಕಬ್ಬು ಹಾಕಿದ್ದ ಹಂಪಣ್ಣ ಗೌಡನಿಗೂ ಇಪ್ಪತ್ತೇ ಪದ. ಹಂಪಣ್ಣ ಊರಿನ ಗೌಡ, ಭಾರಿ ಹಾಸ್ಯಗಾರ. ಅವನು ಬಾಯಿ ತೆಗೆದರೆ ನಗದವರಿಲ್ಲ, ನಗದಿದ್ದವರಿಗೆ ಊರಲ್ಲಿ ಉಳಿಗಾಲವೂ ಇಲ್ಲ. ತಮಾಷೆ ಮಾಡುವವನ ಕೈಗೆ ಅಧಿಕಾರ ಕೊಡಬಾರದು ಎಂದು ಈ ಸೀಮೆಯಲ್ಲಿ ಒಂದು ಮಾತಿದೆ. ಇಲ್ಲದಿದ್ದರೆ ಇರಬೇಕಾಗಿತ್ತು.

ಮಳೆ ಕೈಕೊಟ್ಟ ಒಂದು ವರ್ಷ ಕೆರೆ ಅರೆಯೂ ತುಂಬಲಿಲ್ಲ. ಗೌಡನ ಹೊಲದ ಸರದಿಯ ದಿನ ಬೊಮ್ಮಕ್ಕ ಎಂದಿನಂತೆ ಏರಿಯ ಮೇಲೆ ಅತ್ತಿತ್ತ ನಡೆಯುತ್ತಿದ್ದಳು. ಒಂದು ಪದಕ್ಕೆ ಎಂಟು ಹೆಜ್ಜೆ. ಆಕೆಯ ಕಾಲಿಗೆ ಅದು ತಾನೇ ತಾನಾಗಿ ಗೊತ್ತಿತ್ತು. ಆ ದಿನ ಎಂಟು ಹೆಜ್ಜೆ ಮುಗಿದರೂ ಮೀನು ಇನ್ನೂ ಮಡುವಿಗೆ ಬಂದಿರಲಿಲ್ಲ. ಹದಿಮೂರಾಯಿತು. ಆಗ ನೀರು ಬೇರಿಗೆ ಬಂತು. ಆಕೆ ತಿರುಗಿ ನಿಂತಳು.

“ಏನ್ರೋ, ನಾಲಿಗೆ ಕೆಸರಾಗೆ ಸಿಕ್ಕೈತಾ?”

ಮಕ್ಕಳು ಉಬ್ಬಿದ ಕೆನ್ನೆಗಳ ಮೇಲೆ ಕೈ ಮುಚ್ಚಿಕೊಂಡವು. ಮಾತಾಡಲು ಬಾಯಿ ಖಾಲಿ ಇರಲಿಲ್ಲ.

“ಬಾಯಿ ತೆಗೀರಿ.”

ಎಂಟು ಬಾಯಿಗಳು ತೆರೆದವು. ಎಂಟರಲ್ಲೂ ಎಳ್ಳು ಬೆಲ್ಲದ ಅಂಟುಂಡೆ, ನಿಂಬೆಹಣ್ಣಿನ ಗಾತ್ರದ್ದು.

“ಯಾರು ಕೊಟ್ರು?”

“ಗೌಡಜ್ಜ,” ಎಂದಿತು ಒಂದು ಮಗು, ಉಂಡೆಯನ್ನು ಕೆನ್ನೆಯ ಆಚೆಗೆ ತಳ್ಳಿ. “ಅವರ ಹೊಲದ ಸರದಿ ಬಂದಾಗೆಲ್ಲ ಕೊಡ್ತಾರೆ. ಇಷ್ಟು ದಿನ ಸಣ್ಣದಿತ್ತು, ಇವತ್ತು ದೊಡ್ಡದು. ಕಡೀಬಾರ್ದಂತೆ, ಚೀಪ್‌ಬೇಕಂತೆ.”

ಬೊಮ್ಮಕ್ಕ ಅಲ್ಲಿಂದಲೇ ತೂಬಿಗಿಳಿದು ಬಿರಡೆ ಜಡಿದಳು. ಮರುದಿನ ಅರಳಿಕಟ್ಟೆಯ ಮೇಲೆ ಪಂಚಾಯಿತಿ ಸೇರಿತು. ಗೌಡ ನಗುನಗುತ್ತಲೇ ಬಂದು, “ಊರ ಮಕ್ಕಳಿಗೆ ಒಂದುಂಡೆ ಕೊಟ್ಟಿದ್ದೂ ತಪ್ಪೇನವ್ವ?” ಎಂದ. ಬೊಮ್ಮಕ್ಕ ನಗಲಿಲ್ಲ. “ಉಂಡೆ ಕೊಟ್ಟಿದ್ದು ತಪ್ಪಲ್ಲ ಗೌಡ್ರೆ. ಅವು ಚೀಪಿ ಮುಗಿಸೋವರ್ಗೂ ನೀವು ಊರ ನೀರು ಕುಡಿದ್ರಲ್ಲ, ಅದು ತಪ್ಪು. ಒಂಟೆ ಕೂಡ ಇಷ್ಟು ಕುಡಿಯಂಗಿಲ್ಲ,” ಎಂದಳು. ಕಟ್ಟೆಯ ಮೇಲಿದ್ದವರು ಮೊದಲ ಸಲ ಗೌಡನ ತಮಾಷೆಗಲ್ಲದೆ ಗೌಡನನ್ನೇ ನೋಡಿ ನಕ್ಕರು. ಎರಡು ಸರದಿ ಅವನಿಗೆ ನೀರಿಲ್ಲವೆಂದು ಹಿರಿಯರು ತೀರ್ಪು ಕೊಟ್ಟರು. ತೀರ್ಪಿಗೆ ಗೌಡ ತಲೆಬಾಗಿದ. ನಗುವಿಗೆ ಬಾಗಲಿಲ್ಲ.

ಆದರೆ ಕಬ್ಬು ಕುಡಿದದ್ದನ್ನು ಕಬ್ಬು ವಾಪಸು ಕೊಡುವುದಿಲ್ಲ. ಪೈರು ಹೊಡೆ ಕಟ್ಟಿ ತೆನೆ ಬರುವ ಮೊದಲೇ ಕೆರೆಯ ತಳ ಬಿರುಕು ಬಿಟ್ಟಿತು, ಬಾಲಗಾಲುವೆಯ ಗದ್ದೆಗಳು ಹುಲ್ಲಾದವು. ಊರಿನಲ್ಲಿ ದಿನ ಬೆಳಗಾದರೆ ಒಂದೇ ಮಾತು: ನೀರೆಲ್ಲಿ ಹೋಯಿತು? ಆಗ ಒಂದು ಮಧ್ಯಾಹ್ನ ಹಂಪಣ್ಣ ಗೌಡ ತನ್ನ ಜಗುಲಿಯ ಮೇಲೆ ಮಕ್ಕಳನ್ನು ಗುಡ್ಡೆ ಹಾಕಿಕೊಂಡು, ಹುರಿಗಡಲೆ ಹಂಚಿ, “ಒಂದು ಹೊಸ ಆಟ ಹೇಳಿಕೊಡ್ಲೇನ್ರೋ?” ಎಂದನಂತೆ. ಆಟ ಸುಲಭ. ಒಂದು ಮಗು ಗುಟುಕವ್ವ. ಹೊಟ್ಟೆ ಉಬ್ಬಿಸಿ ನಡುವೆ ಕೂರಬೇಕು. ಉಳಿದವು ಸುತ್ತ ತಿರುಗುತ್ತ ಪದ ಹೇಳಿ, ಕೊನೆಯ ಸಾಲಿಗೆ ಗಂಟಲು ಚಿವುಟಿಕೊಳ್ಳಬೇಕು. ರಾಗ ಕಲಿಸುವ ಕಷ್ಟವೇ ಬೀಳಲಿಲ್ಲ. ಅದು ಬೊಮ್ಮಕ್ಕ ಕಲಿಸಿದ ತೂಬಿನ ಪದದ ರಾಗವೇ. ಗುಟುಕವ್ವ ಯಾರು ಎಂದು ಒಂದು ಮಗು ಕೇಳಿದ್ದಕ್ಕೆ ಗೌಡ ಹೆಸರು ಹೇಳಲಿಲ್ಲ. “ಕೆರೆಯ ಬಾಯಿ ಯಾರ ಕೈಲೈತೆ?” ಎಂದು ಕೇಳಿ, ಇನ್ನೊಂದು ಹಿಡಿ ಹುರಿಗಡಲೆ ಕೊಟ್ಟ.

ಸಂಜೆಯೊಳಗೆ ಊರೆಲ್ಲ ಗುಟುಕುಗುಟುಕು. ಸತ್ಯ ಎಲ್ಲರಿಗೂ ಗೊತ್ತಿತ್ತು. ತೀರ್ಪು ಕೊಟ್ಟವರಿಗೇ ಗೊತ್ತಿಲ್ಲವೇ? ಗೊತ್ತಿದ್ದೂ ಬೀಸುವ ಕಲ್ಲಿನ ಮುಂದೆ ಕೂತ ಹೆಂಗಸರ ಬಾಯಿಗೆ ಅದೇ ಬಂತು, ಮಗ್ಗದ ಲಾಳಿ ಅದೇ ತಾಳಕ್ಕೆ ಓಡಿತು. ಬೊಮ್ಮಕ್ಕ ಮತ್ತೆ ಪಂಚಾಯಿತಿ ಕರೆದಳು. ಬೈಗುಳಕ್ಕೆ ದಂಡವಿದೆ, ಸುಳ್ಳುಸಾಕ್ಷಿಗೆ ದಂಡವಿದೆ, ಮಕ್ಕಳ ಪದಕ್ಕೆ ಯಾವ ದಂಡ? “ಹಸುಗೂಸುಗಳು ಆಡ್ತವೆ, ಬಿಡವ್ವ. ನಿನ್ನ ಹೆಸರೇನು ಅದ್ರಾಗೈತಾ?” ಎಂದರು ಹಿರಿಯರು. ಹಾಗೆಂದ ಹಿರಿಯನ ಹೆಬ್ಬೆರಳು ಕಟ್ಟೆಯ ಕಲ್ಲಿನ ಮೇಲೆ ಯಾವ ತಾಳ ಹಾಕುತ್ತಿದೆ ಎಂಬುದನ್ನು ಬೊಮ್ಮಕ್ಕ ನೋಡಿದಳು. ನ್ಯಾಯ ತನ್ನ ಕಡೆ, ರಾಗ ಗೌಡನ ಕಡೆ ಎಂದು ಆಕೆಗೆ ಆಗಲೇ ತಿಳಿಯಿತು.

ಆದರೂ ಸುಮ್ಮನಿರಲಿಲ್ಲ. ಪದಕ್ಕೆ ಪದವೇ ಮದ್ದೆಂದು ಹಟ ಹಿಡಿದು ತಾನೂ ಒಂದು ಕಟ್ಟಿದಳು. ಅದರಲ್ಲಿ ಗೌಡನ ಕಬ್ಬಿತ್ತು, ಅಂಟುಂಡೆ ಇತ್ತು, ಹದಿಮೂರು ಹೆಜ್ಜೆಯ ಲೆಕ್ಕವಿತ್ತು, ಎರಡು ಸರದಿಯ ತೀರ್ಪೂ ಇತ್ತು. ಒಂದಕ್ಷರ ಸುಳ್ಳಿರಲಿಲ್ಲ. ಮಕ್ಕಳು ಮರ್ಯಾದೆಗೆ ಒಂದು ಸಲ ಹೇಳಿದವು, ನಡುವೆ ಎರಡು ಕಡೆ ಮರೆತವು, ಒಂದು ಆಕಳಿಸಿತು. ಆಮೇಲೆ ಏರಿ ಇಳಿಯುವಾಗ ಮತ್ತೆ ಗುಟುಕವ್ವನೇ. ತನ್ನ ಪದದಲ್ಲಿ ಗಂಟಲು ಚಿವುಟಿಕೊಳ್ಳುವ ಜಾಗವೇ ಇಲ್ಲವಲ್ಲ ಎಂದು ಬೊಮ್ಮಕ್ಕನಿಗೆ ಹೊಳೆದದ್ದು ಆಮೇಲೆ. ಸುಳ್ಳು ಹೂವಿನ ಹಾಗೆ ಹಗುರ, ತೇಲಿತು. ಸತ್ಯ ಬಿರಡೆಯಂತೆ ಭಾರ, ತಳ ಸೇರಿತು.

ಮುಂದಿನ ವರ್ಷ ದೇವರು ಕಣ್ಣುಬಿಟ್ಟು ಕೆರೆ ಕೋಡಿ ಬಿತ್ತು. ಬೊಮ್ಮಕ್ಕ ತೂಬಿನ ಮೇಲೆ ನಿಂತು, “ಹೂಂ, ಹೇಳ್ರಪ್ಪ,” ಎಂದಳು. ಎಂಟು ಬಾಯಿಗಳೂ ಒಟ್ಟಿಗೆ ಶುರು ಮಾಡಿದವು: ಗುಟುಕವ್ವ ಗುಟುಕವ್ವ. ಆಕೆ ಬಿರಡೆ ಎತ್ತಲಿಲ್ಲ. ಕೆಳಗೆ ಗದ್ದೆಯಲ್ಲಿ ಗುದ್ದಲಿ ಹಿಡಿದು ಕಾದಿದ್ದ ರೈತರು ಕೂಗಿದರು. “ಏನ್ ಬೊಮ್ಮಕ್ಕ, ಎರಡೂ ಪದ ಒಂದೇ ಉದ್ದ ಅಲ್ವಾ? ಯಾವುದಾದ್ರೇನು, ನೀರು ಬಿಡು ತಾಯಿ!” ಕೂಗಿದವರಲ್ಲಿ ಗೌಡನಿರಲಿಲ್ಲ. ಹಿಂದಿನ ವರ್ಷ ಪೈರು ಕಳೆದುಕೊಂಡು ಹಸಿದಿದ್ದ ಬಾಲಗಾಲುವೆಯ ಬಡವರೇ ಇದ್ದರು. ಯಾರ ನೀರಿಗಾಗಿ ಆಕೆ ಗೌಡನನ್ನು ಎದುರು ಹಾಕಿಕೊಂಡಿದ್ದಳೋ ಅವರೇ. ಬೊಮ್ಮಕ್ಕ ಬಿರಡೆ ಎತ್ತಿದಳು. ಆ ದಿನ ಮೂವತ್ತು ಮಡಿಗೆ ನೀರು ಹರಿಯಿತು. ಒಂದೊಂದು ಮಡಿಗೆ ಇಪ್ಪತ್ತು ಸಲ, ತಾನು ಕಳ್ಳಿಯೆಂಬ ಪದವನ್ನು ತಾನೇ ಎಣಿಸಿ, ತಪ್ಪದೆ ಎಂಟು ಹೆಜ್ಜೆ ಹಾಕಿ, ಕೊನೆಯ ಗದ್ದೆಯವರೆಗೂ ಸರಿಯಾಗಿ ಹಂಚಿದಳು. ಕೆಲಸ ಮುಗಿಸಿ ಏರಿ ಇಳಿದವಳು ಅರಳಿಕಟ್ಟೆಯ ಮುಂದೆ ನಿಂತು, “ನನ್ನ ಹಳೇ ಪದ ನಿಮ್ಮ ಮಕ್ಕಳ ಬಾಯಿಗೆ ತಾನಾಗೇ ಬರೋವರ್ಗೂ ಈ ಕೆರೆಯ ಒಂದು ಹನಿ ನನ್ನ ಗಂಟಲಿಗೆ ಇಳಿಯಂಗಿಲ್ಲ,” ಎಂದಳು. ಕಟ್ಟೆಯ ಮೇಲಿದ್ದವರು ಇದಕ್ಕೂ ನಕ್ಕರು. ಗುಟುಕವ್ವನಿಗೆ ಉಪವಾಸವೇ!

ಊರಿಗೆಲ್ಲ ಕೆರೆಯ ನೀರೇ ಗತಿ. ಬೊಮ್ಮಕ್ಕ ಮಾತ್ರ ಬೆಳಗಾಗುವ ಮುನ್ನ ಎದ್ದು ಎರಡು ಹರಿದಾರಿ ದೂರದ ಬೋಳುಗುಡ್ಡದ ಚಿಲುಮೆಗೆ ಹೋಗಿ ಒಂದು ಸಣ್ಣ ಗಡಿಗೆ ತುಂಬಿ ತರುತ್ತಿದ್ದಳು. ದಿನಕ್ಕೆ ಅಷ್ಟೇ. ತೂಬಿನ ಕೆಲಸ ಬಿಡಲಿಲ್ಲ. ಬಿಟ್ಟರೆ ಮೊದಲು ಒಣಗುವುದು ಬಾಲಗಾಲುವೆ ಎಂದು ಆಕೆಗೆ ಗೊತ್ತಿತ್ತು. ಕುತ್ತಿಗೆಯವರೆಗೆ ಕೆರೆಯ ನೀರಿನಲ್ಲಿ ನಿಂತು, ತುಟಿ ಬಿಗಿಹಿಡಿದು ಬಿರಡೆ ಎತ್ತುವ ಆಕೆಯನ್ನು ನೋಡಿ ಮಕ್ಕಳು ಇನ್ನೂ ಜೋರಾಗಿ ಹಾಡುತ್ತಿದ್ದವು. ಅಷ್ಟರಲ್ಲಿ ಗೌಡ ಸತ್ತ. ಅವನ ತಮಾಷೆಗಳೆಲ್ಲ ಅವನ ಜೊತೆಗೇ ಮಣ್ಣಾದವು, ಇದೊಂದು ಉಳಿಯಿತು. ಮದುವೆಯಾಗಿ ಹೋದ ಹೆಣ್ಣುಮಕ್ಕಳು ಪದವನ್ನು ತೊಟ್ಟಿಲ ಜೊತೆಗೆ ಬೇರೆ ಊರಿಗೆ ಒಯ್ದರು, ಗಾಡಿಯವರು ಎತ್ತಿನ ಗಂಟೆಗೆ ಕಟ್ಟಿದರು.

ವರ್ಷಗಳು ಉರುಳಿ ಬೊಮ್ಮಕ್ಕ ಅಜ್ಜಿಯಾದಳು. ಒಂದು ದಿನ ಆಕೆ ತನ್ನ ಮೊಮ್ಮಗಳು ಕೆಂಚಿಗೆ ಬಳೆ ತೊಡಿಸಲು ಪಕ್ಕದ ಊರಿನ ಸಂತೆಗೆ ಕರೆದೊಯ್ದಾಗ, ಎಲ್ಲಿಂದಲೋ ಬಂದ ಬಳೆಗಾರ ಮಗುವಿನ ಕೈ ಹಿಂಡುತ್ತ, ನೋವು ಮರೆಸಲು ಅದೇ ಪದ ಹಾಡಿದ. ಮಗು ನಕ್ಕಿತು. “ಈ ಗುಟುಕವ್ವ ಯಾರು ಗೊತ್ತಾ ಅಜ್ಜಿ?” ಎಂದು ಬಳೆಗಾರ ಬೊಮ್ಮಕ್ಕನನ್ನೇ ಕೇಳಿದ.

“ನಾನೇ ಕಣಪ್ಪ.”

“ಅಯ್ಯೋ, ಒಳ್ಳೆ ತಮಾಷೆ ನಿಂದು! ಅವಳು ಮೂರಾಳುದ್ದದ ರಕ್ಕಸಿ ಅಂತೆ. ನೀನು ನೋಡಿದ್ರೆ ಒಣಗಿದ ಹೀರೇಕಾಯಿ.”

ಬೊಮ್ಮಕ್ಕ ಮಗುವಿನ ಕೈ ಹಿಡಿದು ಹೊರಟಳು. ದಾರಿಯುದ್ದಕ್ಕೂ ಕೆಂಚಿ ಹೊಸ ಬಳೆಗಳನ್ನು ತಾಳಕ್ಕೆ ಕುಲುಕುತ್ತ ಹಾಡುತ್ತ ಬಂದಳು. ಅಜ್ಜಿ ಗದರಲಿಲ್ಲ. ಮಗುವಿನ ಬಾಯಲ್ಲಿ ಕಳ್ಳಿ ಯಾರೆಂದು ಮಗುವಿಗೆ ಹೇಳಲು ಆಕೆಗೆ ಮನಸ್ಸು ಬರಲಿಲ್ಲ ಎನ್ನುತ್ತಾರೆ.

ಕೆಂಚಿಗೆ ಆರು ವರ್ಷವಾದ ಬೇಸಿಗೆಯಲ್ಲಿ ಬೋಳುಗುಡ್ಡದ ಚಿಲುಮೆ ಬತ್ತಿತು. ಕೆರೆಯಲ್ಲಿ ಮಾತ್ರ ಎದೆಮಟ್ಟ ನೀರಿತ್ತು, ಬೇಸಿಗೆ ಬೆಳೆಯ ಕೊಯ್ಲಿನವರೆಗೂ ಸಾಲುವಷ್ಟು. ಹಾಗೆ ಹಂಚಿದ್ದವಳು ಆಕೆಯೇ. ಎರಡು ದಿನ ಹೇಗೋ ಕಳೆದ ಬೊಮ್ಮಕ್ಕ ಮೂರನೆಯ ದಿನ ನಡುಹಗಲು ಕೊನೆಯ ಮಡಿಯ ಇಪ್ಪತ್ತನೆಯ ಪದ ಮುಗಿದ ಮೇಲೆ ಬಿರಡೆ ಇಳಿಸಿ, ತೂಬಿನ ಕಲ್ಲಿನ ಪಕ್ಕದಲ್ಲೇ ಕುಸಿದಳು. ಊರು ಓಡಿ ಬಂತು. ಯಾರೋ ಕೆರೆಯ ನೀರನ್ನೇ ಬೊಗಸೆಯಲ್ಲಿ ತಂದರು. ಆಕೆ ಹಲ್ಲು ಕಚ್ಚಿಕೊಂಡಳು. ಕಣ್ಣು ಮಾತ್ರ ಏರಿಯ ಮೇಲಿನ ಮಕ್ಕಳ ಕಡೆ ತಿರುಗಿತು. ಆಗ ಒಬ್ಬ ಮುದುಕಿಗೆ ಹಳೆಯ ಮಾತು ನೆನಪಾಗಿ, “ಅಯ್ಯೋ, ಆಣೆ ಇಟ್ಟವಳೆ! ಆ ಹಳೇ ಪದ ಹೇಳ್ರೋ, ನೀರು ಕುಡೀಲಿ,” ಎಂದು ಅರಚಿದಳು. ಮಕ್ಕಳು ಮುಖ ಮುಖ ನೋಡಿಕೊಂಡವು. ಯಾವ ಹಳೇ ಪದ? ಮುದುಕಿ ತಾನೇ ಹೇಳಲು ಹೋದಳು. ಏಡಿ ಬದುವಿಗೆ ಬಂತು, ಕಪ್ಪೆ ಎಲ್ಲಿಗೆ ಬಂತೆಂದು ನೆನಪಾಗಲಿಲ್ಲ. ಸುತ್ತ ನಿಂತವರಲ್ಲಿ ಒಂದು ಕಾಲಕ್ಕೆ ಇದೇ ಏರಿಯ ಮೇಲೆ ಕೂತು ಅಂಟುಂಡೆ ಚೀಪಿದ್ದ ಎಂಟು ಜನ ಬೆಳೆದ ಗಂಡಸರೂ ಹೆಂಗಸರೂ ಇದ್ದರು. ಅವರ ಬಾಯಿಗೂ ಬರಲಿಲ್ಲ.

ಕೆಂಚಿ ಅಜ್ಜಿಯ ತಲೆಯ ಹತ್ತಿರ ಕೂತಿದ್ದಳು. ಹಾಡಿದರೆ ಅಜ್ಜಿ ನೀರು ಕುಡಿಯುತ್ತಾಳೆ ಎಂದಷ್ಟೇ ಅವಳಿಗೆ ಅರ್ಥವಾಗಿತ್ತು. ಕಣ್ಣೀರು ಒರೆಸಿಕೊಂಡು, ಬಳೆಯ ಕೈಯನ್ನು ಅಜ್ಜಿಯ ಕೆನ್ನೆಯ ಮೇಲಿಟ್ಟು, ತನಗೆ ಗೊತ್ತಿದ್ದ ಒಂದೇ ಪದವನ್ನು ಬಹಳ ಪ್ರೀತಿಯಿಂದ, ಬಹಳ ನಿಧಾನವಾಗಿ ಹಾಡಿದಳು. ಗುಟುಕವ್ವ ಗುಟುಕವ್ವ. ಬೊಮ್ಮಕ್ಕ ಬಾಯಿ ತೆರೆದಳು. ಅಲ್ಲ ಮಗಳೇ ಎನ್ನಲು ತೆರೆದಳೋ, ಹಳೆಯ ಪದದ ಮೊದಲ ಸಾಲು ಹೇಳಿಕೊಡಲು ತೆರೆದಳೋ, ನಗಲೋ, ಯಾರೂ ಹೇಳಲಾರರು. ಬೊಗಸೆ ಹಿಡಿದು ಕಾದಿದ್ದವನು ಸಿಕ್ಕಿದ್ದೇ ಸಮಯವೆಂದು ನೀರು ಸುರಿದ. ಅಷ್ಟರೊಳಗೆ ಆಕೆಯ ಪ್ರಾಣ ಹೋಗಿತ್ತು. ಹಿಂದೆ ನಿಂತು ಸರಿಯಾಗಿ ಕಾಣದವರು ಒಬ್ಬರಿಗೊಬ್ಬರು, “ಕುಡಿದಳು, ಕೊನೆಗೂ ಕುಡಿದಳು,” ಎಂದುಕೊಂಡರು. ಆ ಮಾತೂ ಊರು ತಿರುಗಿತು.

ಬಹಳ ಕಾಲದ ಮೇಲೆ ಸರಪಳಿ ಹಿಡಿದು ಭೂಮಿ ಅಳೆಯುವ ಸರ್ಕಾರದವರು ಬಂದು, ಏರಿಯ ಮೇಲೆ ಆಡುತ್ತಿದ್ದ ಮಕ್ಕಳನ್ನು ಕೆರೆಯ ಹೆಸರು ಕೇಳಿದರು. ಮಕ್ಕಳು ಹಾಡಿದವು. ಅವರು ನಕ್ಷೆಯಲ್ಲಿ ಅದನ್ನೇ ಬರೆದುಕೊಂಡರು. ದೊಡ್ಡಕೆರೆ ಎಂಬ ಹೆಸರು ಅಂದಿಗೆ ಹೋಯಿತು. ಊರಿನ ಮನಸ್ಸಿನ ಮೂಲೆಯಲ್ಲಿ ಏನೋ ಚುಚ್ಚುತ್ತಿದ್ದಿರಬೇಕು. ತೂಬಿನ ಪಕ್ಕದಲ್ಲಿ ಆಕೆ ಬಿದ್ದ ಜಾಗದಲ್ಲಿ ಮೊಣಕಾಲೆತ್ತರದ ಒಂದು ಕಲ್ಲು ನಿಲ್ಲಿಸಿದರು. ಕಡೆದವನಿಗೆ ಆಕೆ ಯಾರೆಂದು ಗೊತ್ತಿರಲಿಲ್ಲ, ಪದ ಗೊತ್ತಿತ್ತು. ಆದ್ದರಿಂದ ಆಕಾಶಕ್ಕೆ ತೆರೆದ ಒಂದು ದೊಡ್ಡ ಬಾಯಿ ಕಡೆದ.

ಆ ಕಲ್ಲು ಇಂದಿಗೂ ಇದೆ. ಹಾಲು ಕುಡಿಯಲು ಹಟ ಮಾಡುವ ಕೂಸುಗಳನ್ನು ತಾಯಂದಿರು ಸೋಮವಾರ ಅಲ್ಲಿಗೆ ಎತ್ತಿಕೊಂಡು ಬರುತ್ತಾರೆ. ದೂರದ ಊರುಗಳಿಂದಲೂ ಬರುತ್ತಾರೆ, ಫೋನಿನಲ್ಲಿ ಪದ ಹಾಕಿಕೊಂಡು. ಕೆರೆಯಿಂದ ಒಂದು ಚೊಂಬು ನೀರು ತಂದು, ಕೂಸಿನ ಕೈಯನ್ನು ಚೊಂಬಿಗೆ ಮುಟ್ಟಿಸಿ, ಹಾಡುತ್ತ ಕಲ್ಲಿನ ಬಾಯಿಗೆ ಹೊಯ್ಯುತ್ತಾರೆ. ಕಡೆದವನು ತುಟಿ ಕಡೆದಿದ್ದಾನೆ, ಹಲ್ಲು ಕಡೆದಿದ್ದಾನೆ, ಗಂಟಲು ಕಡೆದಿಲ್ಲ. ಬಾಯಿಯ ಆಳ ಒಂದು ಬೆರಳೂ ಇಲ್ಲ. ಹೊಯ್ದ ನೀರು ತುಟಿಯ ಮೇಲಿಂದ ಉಕ್ಕಿ, ಗಲ್ಲದಿಂದಿಳಿದು, ಕಾಲುವೆಗೆ ಸೇರಿ ಗದ್ದೆಯ ಕಡೆ ಹೋಗುತ್ತದೆ. ಒಂದು ಹನಿ ಒಳಗಿಳಿಯುವುದಿಲ್ಲ. “ನೋಡು ಪುಟ್ಟಾ, ಅವ್ವನ ಹೊಟ್ಟೆ ತುಂಬಿಬಿಟ್ಟೈತೆ!” ಎಂದು ತಾಯಂದಿರು ನಕ್ಕು, ಕೂಸಿನ ಗಂಟಲನ್ನು ಮೆಲ್ಲನೆ ಚಿವುಟಿ, ಇನ್ನೊಂದು ಚೊಂಬು ಹೊಯ್ಯುತ್ತಾರೆ.